ಮಗುವಿನ ಭೇಟಿಗೂ ಅಮಲ್ಜಾರಿ

ನಮ್ಮ ಕೋರ್ಟುಗಳಲ್ಲಿ ಅಮಲ್ಜಾರಿ ಅರ್ಜಿ ಎಂಬುದೊಂದಿದೆ. ಡಿಕ್ರಿ ಕೈಗೆ ಬಂದ ಮೇಲೂ ಎದುರುಪಕ್ಷದವರು ಅದರಂತೆ ನಡೆಯದಿದ್ದಾಗ ಹಾಕುವ ಅರ್ಜಿ. ಹೊಲದ ದಾವೆಯಲ್ಲಿ ಅದು ಹತ್ತು ವರ್ಷ ಎಳೆದರೂ ಹೊಲ ಇದ್ದಲ್ಲೇ ಇರುತ್ತದೆ. ಮಗುವನ್ನು ನೋಡುವ ಆದೇಶ ಹತ್ತು ತಿಂಗಳು ಎಳೆದರೆ ಎದುರಿಗೆ ಬಂದು ಕೂರುವುದು ಬೇರೆಯೇ ಮಗು. ಆದೇಶ ಮುರಿದದ್ದು ಮುನಿಸಿಕೊಂಡ ಗಂಡನೋ ಹೆಂಡತಿಯೋ ಅಲ್ಲ, ಸರ್ಕಾರಿ ಕಚೇರಿಯೇ ಆದರೆ ಯಾರನ್ನು ಕೇಳುವುದು? ಯುರೋಪಿನಲ್ಲಿ ಈ ಪ್ರಶ್ನೆಗೆ ಉತ್ತರ ರೂಪುಗೊಂಡದ್ದು ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ, ಒಂದೊಂದೇ ಕುಟುಂಬದ ಸಂಕಟದ ಮೇಲೆ.

ಆ ನ್ಯಾಯಾಲಯ ಅನ್ವಯಿಸುವ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ ಕುಟುಂಬ ಜೀವನವನ್ನು ಗೌರವಿಸಬೇಕು ಎನ್ನುತ್ತದೆ. ಭೇಟಿಯ ಮಾತು ಅದರಲ್ಲಿಲ್ಲ. 1987ರಲ್ಲಿ ಬ್ರಿಟನ್ನಿನ ಕೆಲವು ಪ್ರಕರಣಗಳಲ್ಲಿ, ಸರ್ಕಾರದ ಸುಪರ್ದಿಯಲ್ಲಿರುವ ಮಗುವಿನ ಭೇಟಿಯ ಬಗ್ಗೆ ತಂದೆತಾಯಿಯನ್ನು ಹೊರಗಿಟ್ಟು ತೀರ್ಮಾನಿಸುವಂತಿಲ್ಲ ಎಂದಿತು ನ್ಯಾಯಾಲಯ. ಮರುವರ್ಷ ಸ್ವೀಡನ್ನಿನ ಸರದಿ. ಒಂದೇ ಮನೆಯ ಮೂವರು ಮಕ್ಕಳನ್ನು ಬೇರೆ ಬೇರೆ ಕಡೆ ಇಟ್ಟಿದ್ದರು. ಇಬ್ಬರಂತೂ ಹೆತ್ತವರಿಂದ ನೂರಾರು ಕಿಲೋಮೀಟರ್ ದೂರ. ಮಕ್ಕಳನ್ನು ಕರೆದೊಯ್ದದ್ದನ್ನು ನ್ಯಾಯಾಲಯ ತಪ್ಪೆನ್ನಲಿಲ್ಲ, ಇಟ್ಟ ರೀತಿಯನ್ನು ತಪ್ಪೆಂದಿತು. ಹತ್ತಿರದಲ್ಲಿ ಸಾಕುಮನೆ ಸಿಗಲಿಲ್ಲ ಎಂಬಂಥ ಆಡಳಿತದ ತೊಡಕು ಇಂಥಲ್ಲಿ ದೊಡ್ಡ ಕಾರಣವಾಗದು ಎಂದೂ ಹೇಳಿತು.

1994ರ ಫಿನ್ಲೆಂಡ್ ಪ್ರಕರಣದಿಂದ ಅಮಲ್ಜಾರಿಯೇ ಮುಖ್ಯ ವಿಷಯವಾಯಿತು. ಹೆಂಡತಿ ತೀರಿಕೊಂಡ ಮೇಲೆ ಪುಟ್ಟ ಮಗಳನ್ನು ಅವಳ ಅಜ್ಜ ಅಜ್ಜಿ ಹಿಂದಿರುಗಿಸಲೇ ಇಲ್ಲ. ಅಪ್ಪನಿಗೆ ಆದೇಶದ ಮೇಲೆ ಆದೇಶ ಸಿಕ್ಕಿತು, ಮಗಳು ಸಿಗಲಿಲ್ಲ. ಬಲವಂತದಿಂದ ಎಲ್ಲವೂ ಆಗದು, ಆದರೆ ನ್ಯಾಯವಾಗಿ ನಿರೀಕ್ಷಿಸಬಹುದಾದ ಎಲ್ಲ ಯತ್ನವನ್ನೂ ಅಧಿಕಾರಿಗಳು ಮಾಡಿದರೇ ಎಂಬುದೇ ಅಲ್ಲಿಂದ ಮುಂದಿನ ಒರೆಗಲ್ಲು. 2000ದ ಜನವರಿಯಲ್ಲಿ ರುಮೇನಿಯಾ ಪ್ರಕರಣ ಅದಕ್ಕೆ ವೇಗದ ಷರತ್ತನ್ನೂ ಸೇರಿಸಿತು: ಕಾಲ ಕಳೆದಷ್ಟೂ ಹಾನಿ ಸರಿಪಡಿಸಲಾಗದ್ದು.

ಅದೇ ವರ್ಷ ಜುಲೈನಲ್ಲಿ ಬಂದ ಇಟಲಿಯ ತೀರ್ಪನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಒಬ್ಬ ತಾಯಿಯ ಇಬ್ಬರು ಗಂಡುಮಕ್ಕಳನ್ನು 1997ರಲ್ಲಿ ಫ್ಲಾರೆನ್ಸ್ ಹತ್ತಿರದ ಇಲ್ ಫೊರ್ತೆತೊ ಎಂಬ ಸಮುದಾಯಕ್ಕೆ ಸೇರಿಸಿದರು. ಅದರ ಇಬ್ಬರು ಮುಖಂಡರಿಗೆ, ತಮ್ಮ ಆಶ್ರಯದಲ್ಲಿದ್ದವರ ಮೇಲೆ ದೌರ್ಜನ್ಯ ನಡೆಸಿದ್ದಕ್ಕಾಗಿ, 1985ರಲ್ಲೇ ಶಿಕ್ಷೆಯಾಗಿತ್ತು. 1998ರ ಡಿಸೆಂಬರಿನಲ್ಲಿ ಮಕ್ಕಳ ನ್ಯಾಯಾಲಯ ತಾಯಿಯ ಭೇಟಿ ಶುರುವಾಗಲಿ ಎಂದಿತು. ಮೊದಲ ಭೇಟಿ ನಡೆದದ್ದು 1999ರ ಏಪ್ರಿಲ್ ಕೊನೆಯಲ್ಲಿ. ಎರಡನೆಯದಕ್ಕೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಸ್ಟ್ರಾಸ್‌ಬರ್ಗ್ ಸಮಾಜ ಸೇವಾ ಕಚೇರಿಯನ್ನಷ್ಟೇ ತರಾಟೆಗೆ ತೆಗೆದುಕೊಳ್ಳಲಿಲ್ಲ. ಆದೇಶ ಕೊಟ್ಟ ನ್ಯಾಯಾಲಯ ಅದು ನಡೆಯುತ್ತಿದೆಯೇ ಎಂದು ಕಣ್ಣಿಡಬೇಕಿತ್ತು ಎಂದಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ತಿರುವು ಇದೇ. ಕಚೇರಿ ತಡಮಾಡುತ್ತದೆ, ಮಗು ದೂರವಾಗುತ್ತದೆ, ಆಮೇಲೆ ಅದೇ ಕಚೇರಿ ‘ಮಗುವಿಗೆ ಹೊಂದಿಕೆಯಿಲ್ಲ’ ಎಂದು ವರದಿ ಬರೆಯುತ್ತದೆ. ತನ್ನ ತಡವನ್ನೇ ಸಾಕ್ಷಿಯಾಗಿಸಿಕೊಳ್ಳುವ ಈ ಅನ್ಯಾಯವನ್ನು ತಡೆಯಬಲ್ಲದ್ದು ನ್ಯಾಯಾಧೀಶರ ನಿಗಾ ಒಂದೇ.

ಆ ನ್ಯಾಯಾಧೀಶರೇ ಅಡ್ಡ ನಿಂತ ಉದಾಹರಣೆಯೂ ಉಂಟು. ಜರ್ಮನಿಯಲ್ಲಿ 1999ರಲ್ಲಿ ಹುಟ್ಟಿದ ಒಂದು ಗಂಡುಮಗುವನ್ನು ತಾಯಿ ದತ್ತು ಕೊಡಲು ಒಪ್ಪಿಸಿದ್ದಳು, ಅಪ್ಪ ತನಗೆ ಬೇಕೆಂದು ಬಂದ. 2004ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್ ಅವನ ಪರ ನಿಂತಿತು. ವಿಟೆನ್‌ಬರ್ಗ್‌ನ ಕೋರ್ಟು ಪ್ರತಿ ಶನಿವಾರ ಎರಡು ಗಂಟೆ ಭೇಟಿ ಕೊಟ್ಟಿತು. ಆ ಎರಡು ಗಂಟೆಯನ್ನೂ ನೌಂಬರ್ಗ್‌ನ ಮೇಲಿನ ಕೋರ್ಟು ಕಿತ್ತುಕೊಂಡಿತು. ಸ್ಟ್ರಾಸ್‌ಬರ್ಗ್ ತೀರ್ಪು ತನ್ನನ್ನು ಕಟ್ಟಿಹಾಕದು ಎಂಬುದು ಅದರ ವಾದ. ಅಕ್ಟೋಬರಿನಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ಡಿಸೆಂಬರಿನಲ್ಲಿ ನೌಂಬರ್ಗ್ ಮತ್ತೆ ಭೇಟಿ ನಿಲ್ಲಿಸಿತು, ವರ್ಷ ಮುಗಿಯುವ ಮೊದಲೇ ಸಂವಿಧಾನ ನ್ಯಾಯಾಲಯ ಮತ್ತೆ ಶನಿವಾರಗಳನ್ನು ಕೊಡಿಸಿತು. ಹುಡುಗ ಅಪ್ಪನ ಮನೆ ಸೇರಿದ್ದು 2008ರಲ್ಲಿ, ಎಂಟು ವರ್ಷದವನಾಗಿ.

ನಾರ್ವೆ ನಮ್ಮವರಿಗೂ ಗೊತ್ತು. 2011ರಲ್ಲಿ ಸ್ಟಾವಾಂಗರ್‌ನಲ್ಲಿದ್ದ ಭಾರತೀಯ ದಂಪತಿಯ ಇಬ್ಬರು ಮಕ್ಕಳನ್ನು ಅಲ್ಲಿನ ಮಕ್ಕಳ ಕಲ್ಯಾಣ ಇಲಾಖೆ ಕರೆದೊಯ್ದಾಗ ದೆಹಲಿಯ ಸರ್ಕಾರವೇ ಮಾತಾಡಬೇಕಾಯಿತು. ನಾರ್ವೆಯ ಇಂಥ ಪ್ರಕರಣಗಳಲ್ಲಿ ಕೇಡು ಕಾಣುತ್ತಿದ್ದುದು ಆದೇಶ ಮುರಿದದ್ದರಲ್ಲಿ ಅಲ್ಲ, ಆದೇಶದಲ್ಲೇ: ವರ್ಷಕ್ಕೆ ನಾಲ್ಕೋ ಆರೋ ಭೇಟಿ, ಒಂದೊಂದಕ್ಕೆ ಎರಡು ಗಂಟೆ. ಅಷ್ಟರಲ್ಲಿ ಯಾವ ಕೂಸು ಅಮ್ಮನ ಮಡಿಲನ್ನು ನೆನಪಿಟ್ಟುಕೊಂಡೀತು? 2019ರ ಸೆಪ್ಟೆಂಬರಿನಲ್ಲಿ, ಬೇರೊಬ್ಬ ತಾಯಿಯ ಪ್ರಕರಣದಲ್ಲಿ, ಸ್ಟ್ರಾಸ್‌ಬರ್ಗ್‌ನ ಮಹಾಪೀಠ 13–4ರ ಬಹುಮತದಿಂದ ನಾರ್ವೆಯ ವಿರುದ್ಧ ತೀರ್ಪಿತ್ತಿತು. 2020ರ ಮಾರ್ಚಿನಲ್ಲಿ ನಾರ್ವೆಯ ಸುಪ್ರೀಂ ಕೋರ್ಟು, ಹೆತ್ತವರೊಡನೆ ಮಗುವನ್ನು ಮತ್ತೆ ಸೇರಿಸುವ ಗುರಿಯನ್ನು ಹಗುರವಾಗಿ ಕೈಬಿಡುವಂತಿಲ್ಲ ಎಂದು ತನ್ನ ಅಧಿಕಾರಿಗಳಿಗೆ ತಿಳಿಹೇಳಿತು. ಆ ತಾಯಿ ಗೆದ್ದ ದಿನ, 2008ರಲ್ಲಿ ಹುಟ್ಟಿದ ಅವಳ ಮಗನಿಗೆ ಹನ್ನೊಂದು ತುಂಬಲು ಕೆಲವೇ ದಿನಗಳಿದ್ದವು. ಅಷ್ಟರಲ್ಲಾಗಲೇ ಅವನನ್ನು ದತ್ತು ಕೊಟ್ಟಾಗಿತ್ತು. ಸ್ಟ್ರಾಸ್‌ಬರ್ಗಿನ ತೀರ್ಪು ತಾನಾಗಿ ದತ್ತನ್ನು ಬಿಡಿಸುವುದಿಲ್ಲ.