ಮಿರಜಿಗೆ ಒಯ್ದಾರ
ನಾನು ಹಿಡಕಲ್ ಕಡೆಯವನು. ನಮ್ಮಲ್ಲಿ ಯಾರನ್ನಾದರೂ 'ಮಿರಜಿಗೆ ಒಯ್ದಾರ' ಅಂದ್ರೆ ಜಡ್ಡು ದೊಡ್ಡದು ಅಂತಲೇ ಅರ್ಥ. ಇದಕ್ಕೆ ರೈಲೇ ಕಾರಣ. 1894ರಲ್ಲಿ ಡಾ. ವಾನ್‌ಲೆಸ್ ಮಿರಜಿನಲ್ಲಿ ಮಿಶನ್ ಆಸ್ಪತ್ರೆ ಶುರು ಮಾಡಿದಾಗ, ಈಗಿನ ಘಟಪ್ರಭಾ ಸ್ಟೇಶನ್ನಿಂದ ಅಲ್ಲಿಗೆ ಹಳಿ ಇತ್ತು.

1929ರಲ್ಲಿ ಘಟಪ್ರಭಾದಲ್ಲೇ ಕ್ಷಯರೋಗಿಗಳಿಗಾಗಿ ಆರೋಗ್ಯಧಾಮ ಬಂತು. ಒಳ್ಳೆ ಹವೆ, ವಿಶ್ರಾಂತಿ, ಊಟ ಇವೇ ಚಿಕಿತ್ಸೆಯಾಗಿದ್ದ ಕಾಲ. ಆಸ್ಪತ್ರೆ ಹಳ್ಳಿ ಹತ್ತಿರ ಬರೋದು ಸಾಧ್ಯವಿತ್ತು. ಕ್ಯಾನ್ಸರಿಗೆ ಯಂತ್ರ ಬೇಕು, ಯಂತ್ರಗಳು ಶಹರದಲ್ಲೇ ಕೂತವು. 1941ರಲ್ಲಿ ಮುಂಬೈನ ಟಾಟಾ, 1973ರಲ್ಲಿ ಬೆಂಗಳೂರಿನ ಕಿದ್ವಾಯಿ. ಆಮೇಲೆ ಹುಬ್ಬಳ್ಳಿ, ಬೆಳಗಾವಿಗೂ ಚಿಕಿತ್ಸೆ ಬಂತು, ನಿಜ.

ಆದರೆ ರೇಡಿಯೇಶನ್ ಒಂದಿನದ ಕೆಲಸವಲ್ಲ. ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 5–6 ವಾರ. ನೀವು ನಾವು ವರ್ಕ್ ಫ್ರಮ್ ಹೋಮ್ ಕೇಳ್ತೀವಿ. ಕಬ್ಬು ಕಡಿಯುವವಳು ಏನು ಕೇಳಬೇಕು? ಹೋದಷ್ಟು ದಿನ ಅವಳಿಗೂ ಪಗಾರವಿಲ್ಲ, ಜೊತೆಗೆ ಹೋದವರಿಗೂ ಇಲ್ಲ. ಅದಕ್ಕೇ ಬಾಯಿ ಹುಣ್ಣಿಗೆ ಮೊದಲು ಅರಿಶಿನ, ಆಮೇಲೆ ಮೆಡಿಕಲ್ ಶಾಪಿನ ಮುಲಾಮು, ಕೊನೆಗೆ ಡಾಕ್ಟರು. ಅಷ್ಟರಲ್ಲಿ ಗಂಟು ಕುತ್ತಿಗೆಗೆ ಇಳಿದಿರುತ್ತದೆ. ತಂಬಾಕಿನ ಪೇಟೆ ನಿಪ್ಪಾಣಿ ಮಗ್ಗುಲಲ್ಲೇ ಇದೆ. ಹುರಿದ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಹೆಂಗಸರನ್ನು ನಾನೇ ನೋಡಿದ್ದೇನೆ. (ಗುಟ್ಕಾದ ಗಂಡಸರ ಸುದ್ದಿ ಬೇರೆ ಹೇಳಬೇಕೇ?)

2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಉತ್ತರ ಕರ್ನಾಟಕದಿಂದಲೇ ಶುರುವಾಯಿತು. ನನ್ನ ಮಟ್ಟಿಗೆ ಅದು ಆಣೆಕಟ್ಟಿನಷ್ಟೇ ದೊಡ್ಡ ಘಟನೆ. ಬಿಪಿಎಲ್ ಕಾರ್ಡಿನವರ ಕ್ಯಾನ್ಸರ್ ಚಿಕಿತ್ಸೆಯ ಬಿಲ್ಲನ್ನು ಸರ್ಕಾರ ಕಟ್ಟತೊಡಗಿತು. ಆ 5–6 ವಾರದ ಕೂಲಿ ಮಾತ್ರ ಬಿಲ್ಲಿನಲ್ಲಿ ಬರುವಂಥದ್ದಲ್ಲ.