ಡಾಂಬರು ಡ್ರಮ್ಮಿನೊಳಗಿನ ಚುಕ್ಕೆಗಳು

1966ರಲ್ಲಿ ಕಾರ್ಲ್ ಆಂಡ್ರೆ ಎಂಬ ಅಮೆರಿಕದ ಕಲಾವಿದ 120 ಇಟ್ಟಿಗೆಗಳನ್ನು ಎರಡು ಪದರವಾಗಿ ನೆಲದ ಮೇಲೆ ಜೋಡಿಸಿಟ್ಟ. ಗಾರೆ ಇಲ್ಲ, ಕೆತ್ತನೆ ಇಲ್ಲ. ಅದೇ ಶಿಲ್ಪ. ಮೊದಲು ಯಾರೂ ಕೊಳ್ಳದೆ ಇಟ್ಟಿಗೆಗಳು ಬಂದಲ್ಲಿಗೇ ವಾಪಸ್ ಹೋದವು. ಮತ್ತೆ ಮಾಡಿದ್ದನ್ನು 1972ರಲ್ಲಿ ಲಂಡನ್ನಿನ ಟೇಟ್ ಗ್ಯಾಲರಿ ಕೊಂಡಿತು. 1976ರಲ್ಲಿ ಪತ್ರಿಕೆಗಳಿಗೆ ಗೊತ್ತಾಗಿ ದೊಡ್ಡ ರಂಪವಾಯ್ತು: ಇದಕ್ಕೂ ಜನರ ದುಡ್ಡಾ?

ನಾನು ಚಿಕ್ಕಪಡಸಲಗಿಯವನು. ಒಂದೇ ಅಳತೆಯದ್ದನ್ನು ಸಾಲಾಗಿ ನಿಲ್ಲಿಸಿದರೆ ಚೆಂದ ಕಾಣುತ್ತೆ ಅಂತ ತಿಳಿಯೋಕೆ ನನಗೆ ಗ್ಯಾಲರಿ ಬೇಕಿರಲಿಲ್ಲ. ಕೃಷ್ಣೆಗೆ ಅಡ್ಡ ನಿಂತ ನಮ್ಮ ಬ್ಯಾರೇಜಿನ ಕಂಬಗಳಿದ್ದವು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ವಂತಿಗೆ ಹಾಕಿ, ತಾವೇ ದುಡಿದು ಕಟ್ಟಿದ್ದು. ಹೆಸರು ಶ್ರಮಬಿಂದು ಸಾಗರ. ದುಡಿದವರು ಹೆಸರಲ್ಲೇ ಇದ್ದಾರೆ.

ಮಿನಿಮಲಿಸ್ಟರ ಹಠ ಇದಕ್ಕೆ ಉಲ್ಟಾ. ಕೈಗುರುತು ಕಾಣಬಾರದು, ವಸ್ತು ಬರೀ ವಸ್ತುವಾಗಿರಬೇಕು. ಡೊನಾಲ್ಡ್ ಜಡ್ ತನ್ನ ಪೆಟ್ಟಿಗೆಗಳನ್ನು ವರ್ಕ್‌ಶಾಪಿನಲ್ಲಿ ಮಾಡಿಸುತ್ತಿದ್ದ. (ಆಂಡ್ರೆ ನಾಲ್ಕು ವರ್ಷ ರೈಲ್ವೆಯಲ್ಲಿ ಬ್ರೇಕ್‌ಮನ್ ಆಗಿದ್ದವನು. ಬೆವರು ಗೊತ್ತಿಲ್ಲದವನೇನಲ್ಲ.)

ಆ ಕೈಗುರುತನ್ನು ವಾಪಸ್ ತಂದವರು ಶೀಲಾ ಗೌಡ ಅನ್ನೋದು ನನ್ನ ಲೆಕ್ಕ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತವರು. ಆ ಶಾಲೆ ಕಟ್ಟಿದ ಆರ್. ಎಂ. ಹಡಪದ ನಮ್ಮ ಬಾದಾಮಿಯವರು ಅಂತ ಬರೀದಿದ್ರೆ ಊರಲ್ಲಿ ಬೈತಾರೆ.

ಶೀಲಾ ಅವರ 2006ರ ‘ಡಾರ್ಕ್‌ರೂಮ್’ ಪೂರ್ತಿ ಡಾಂಬರು ಡ್ರಮ್ಮುಗಳದ್ದು. ಕೆಲವನ್ನು ಇಡಿಯಾಗಿ ಒಂದರ ಮೇಲೊಂದು ಪೇರಿಸಿದ್ದಾರೆ, ಕೆಲವನ್ನು ಬಿಡಿಸಿ ತಗಡು ಮಾಡಿದ್ದಾರೆ. ದೂರದಿಂದ ಹಳೇ ಅರಮನೆಯ ಕಂಬಸಾಲು. ಹತ್ತಿರ ಹೋದರೆ ರಸ್ತೆ ಕೆಲಸದವರ ಜೋಪಡಿ. ಕ್ಯಾಬಿನ ಕಿಟಕಿಯಿಂದ ನೀವೂ ನೋಡಿರ್ತೀರಿ. ಖಾಲಿಯಾದ ಡ್ರಮ್ಮು ಸೀಳಿ, ತಟ್ಟಿ, ಗೋಡೆ ಮಾಡ್ಕೋತಾರೆ. ಡ್ರಮ್ಮಿನ ಎತ್ತರವೇ ಗೋಡೆಯ ಅಳತೆ. ಆಂಡ್ರೆ ಇಟ್ಟಿಗೆಯನ್ನು ಆರಿಸಿಕೊಂಡ. ಇವರಿಗೆ ಡ್ರಮ್ಮು ಸಿಕ್ಕಿದ್ದು, ಅಷ್ಟೇ. ಒಂದೇ ನಮೂನೆಯ ತಗಡು, ಒಂದೇ ನಮೂನೆಯ ಸಾಲು. ಆದರೆ ಇಲ್ಲಿ ಅದರ ಹಿಂದೆ ಯಾರದೋ ಸಂಸಾರ ಕಾಣದೆ ಇರಲ್ಲ.

ಒಳಗೆ ಹೋಗೋಕೆ ಬಗ್ಗಲೇಬೇಕು. ಒಳಗೆ ಕತ್ತಲು. ಮೇಲಿನ ತಗಡಿಗೆ ಸಣ್ಣ ಸಣ್ಣ ತೂತು ಕೊರೆದಿದ್ದಾರೆ, ಬೆಳಕು ಚುಕ್ಕೆ ಚುಕ್ಕೆಯಾಗಿ ನಕ್ಷತ್ರದ ಹಾಗೆ ಕಾಣುತ್ತೆ. ತಗಡಿನ ಮನೆಯಲ್ಲಿ ಮಲಗಿದವರಿಗೆ ಈ ನಕ್ಷತ್ರ ಹೊಸದಲ್ಲ. ಮಳೆಗಾಲದಲ್ಲಿ ಅದರ ಕೆಳಗೆ ಪಾತ್ರೆ ಇಡ್ತಾರೆ.