ಬಾಳ್ಗಚ್ಚು

ಮಹಾನವಮಿಯ ದಿನ ಬೆಂಗಳೂರಿನ ಯಾವ ಬೀದಿಗೆ ಹೋದರೂ ನೋಟ ಒಂದೇ. ಕಾರ್ಖಾನೆಯ ಲೇತು, ದರ್ಜಿಯ ಹೊಲಿಗೆ ಯಂತ್ರ, ಆಟೋರಿಕ್ಷಾ, ಸರಕಾರಿ ಬಸ್ಸು, ಎಲ್ಲಕ್ಕೂ ಅಂದು ಅಭ್ಯಂಜನ. ಮೈಗೆ ಅರಿಶಿನ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ಮಗ್ಗುಲಿಗೆ ಬಾಳೆಕಂದು, ಚಕ್ರದಡಿಯಲ್ಲಿ ನಿಂಬೆಹಣ್ಣು. ಒಡೆದ ಬೂದುಗುಂಬಳದಿಂದ ರಸ್ತೆಯೆಲ್ಲ ಕೆಂಪು. ಹಬ್ಬದ ಹೆಸರು ಆಯುಧಪೂಜೆ. ಆದರೆ ಆಯುಧವೆಂಬ ಮಾತಿಗೆ ಹಿಂದೆ ಇದ್ದ ಅರ್ಥದ ಆಯುಧ ಈ ನಗರದ ಎಷ್ಟು ಮನೆಗಳಲ್ಲಿ ಪೂಜೆ ಪಡೆದೀತು? ಹೋಗಲಿ, ಕತ್ತಿಯ ಜಾಗಕ್ಕೆ ಸ್ಪ್ಯಾನರು ಬಂದುದರಲ್ಲಿ ವಿಷಾದಪಡಬೇಕಾದುದೇನೂ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಕತ್ತಿಗೆ ಹೂವೇರಿಸುವ ಈ ಹಬ್ಬದಲ್ಲಿ ಕತ್ತಿ ಹಿಡಿದವನಿಗೆ ಎಂದಾದರೂ ಒಂದು ಪಾಲು ಇತ್ತೆ?

ಮೊದಲು ವಿಜಯನಗರವನ್ನು ವಿಚಾರಿಸೋಣ. 1520ರ ಸುಮಾರಿಗೆ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ನವರಾತ್ರಿಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಹಂಪೆಯಲ್ಲಿ ನಾವು ಇಂದು ಮಹಾನವಮಿ ದಿಬ್ಬವೆಂದು ಕರೆಯುವ ಕಟ್ಟಡವನ್ನು ಆತ ವಿಜಯದ ಮನೆಯೆಂದು ಕರೆದು, ಕೃಷ್ಣದೇವರಾಯನು ಒರಿಸ್ಸದ ದಂಡಯಾತ್ರೆಯಿಂದ ಹಿಂತಿರುಗಿ ಕಟ್ಟಿಸಿದ್ದೆಂದು ಹೇಳುತ್ತಾನೆ. ಕೊನೆಯ ದಿನ 250 ಕೋಣಗಳನ್ನೂ 4500 ಕುರಿಗಳನ್ನೂ ಬಲಿಕೊಟ್ಟರೆಂದು ಅವನ ಲೆಕ್ಕ. ಒಂಬತ್ತು ದಿನ ಕಳೆದ ಮೇಲೆ ಊರಿನಿಂದ ಹರದಾರಿ ದೂರದಲ್ಲಿ ಮಖಮಲ್ಲಿನ ಗುಡಾರ ಎತ್ತಿಸಿ, ಯಾವ ದೇವರ ಹೆಸರಿನಲ್ಲಿ ಹಬ್ಬ ನಡೆಯಿತೋ ಆ ದೇವರ ಮೂರ್ತಿಯನ್ನು ಅಲ್ಲಿ ಇರಿಸುತ್ತಿದ್ದರು. ಅರಮನೆಯಿಂದ ಆ ಗುಡಾರದವರೆಗೆ ದಾರಿಯ ಎರಡು ಕಡೆಯೂ ದಂಡು ನಿಲ್ಲುವುದು. ಅರಸನು ಕುದುರೆಯೇರಿ ಅದರ ನಡುವೆ ಸಾಗುವನು. ಸಾಲಿನಲ್ಲಿ ಮುಸಲ್ಮಾನ ಸೈನಿಕರೂ ಗುರಾಣಿ, ಈಟಿ, ತುರ್ಕಿ ಬಿಲ್ಲುಗಳೊಡನೆ ನಿಂತಿದ್ದರೆಂಬುದನ್ನು ಪಾಯೆಸ್ ಮರೆಯದೆ ಬರೆಯುತ್ತಾನೆ. ಕಡೆಗೆ ಅರಸನು ಮೂರು ಬಾಣ ಬಿಡುವನು. ಒಂದು ಬಿಜಾಪುರದ ಕಡೆಗೆ, ಒಂದು ಗೋಲ್ಕೊಂಡದ ಕಡೆಗೆ, ಇನ್ನೊಂದು ಪೋರ್ಚುಗೀಸರ ಕಡೆಗೆ. ಯಾವ ಬಾಣ ದೂರ ಹೋಯಿತೋ ಆ ದಿಕ್ಕಿಗೆ ಮುಂದಿನ ಯುದ್ಧ.

ಸಂಭ್ರಮವೇನೋ ದೊಡ್ಡದು. ಆದರೆ ಅದೆಲ್ಲ ಬದುಕಿ ನಿಂತ ದಂಡಿನದು, ಮುಂದೆ ಆಗಬೇಕಾದ ಯುದ್ಧದ್ದು. ಒರಿಸ್ಸದಿಂದ ಹಿಂತಿರುಗದೆ ಉಳಿದವನಿಗೆ ಆ ಬಾಣಗಳಿಂದ ಏನೂ ಆಗಬೇಕಾಗಿರಲಿಲ್ಲ. ಅವನಿಗೆ ಸಲ್ಲಬೇಕಾದುದನ್ನು ಹುಡುಕಬೇಕಾದರೆ ಈ ದಿಬ್ಬದಿಂದಿಳಿದು, ಇನ್ನೂ ಹಿಂದಿನ ಕಾಲಕ್ಕೆ, ಹಳ್ಳಿಗಳ ಕಲ್ಲುಗಳ ಬಳಿಗೆ ಹೋಗಬೇಕು.

ಹಲ್ಮಿಡಿಯ ಹೆಸರು ಕೇಳದ ಕನ್ನಡಿಗನಿಲ್ಲ. ಬೇಲೂರು ತಾಲ್ಲೂಕಿನ ಆ ಊರಿನ ಶಾಸನವನ್ನು ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಕ್ರಿ. ಶ. 450ರ ಸುಮಾರಿನದೆಂದು ಎಣಿಸಿ, ಬಹುಕಾಲ ಕನ್ನಡದ ಮೊತ್ತಮೊದಲ ಶಾಸನವೆಂದೇ ಅದನ್ನು ಪಾಠಪುಸ್ತಕಗಳಲ್ಲಿ ಹೇಳುತ್ತ ಬಂದೆವು. ಆದರೆ ಆ ಕಲ್ಲಿನಲ್ಲಿ ಏನು ಬರೆದಿದೆಯೆಂದು ಕೇಳಿದರೆ ಬಹುಮಂದಿ ಸುಮ್ಮನಾಗುತ್ತಾರೆ. ಬರೆದಿರುವುದು ಇಷ್ಟು. ವಿಜ ಅರಸನೆಂಬ ವೀರನು ಯುದ್ಧದಲ್ಲಿ ಪರಾಕ್ರಮ ತೋರಿದನು. ಅದಕ್ಕಾಗಿ ಅವನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಚ್ಚಾಗಿ ಕೊಟ್ಟರು. ಬಾಳ್ ಎಂದರೆ ಕತ್ತಿ. ಕಳ್ಚು, ಕಚ್ಚು ಎಂದರೆ ತೊಳೆಯುವುದು. ಕಾಳಗದಿಂದ ಬಂದವನ ಕತ್ತಿಯ ನೆತ್ತರನ್ನು ತೊಳೆದು ಕೊಡುವ ಭೂಮಿಯೇ ಬಾಳ್ಗಚ್ಚು. ಕನ್ನಡ ಬರವಣಿಗೆಯ ಹೊಸ್ತಿಲಲ್ಲಿ ನಿಂತಿರುವುದು ಕಾವ್ಯವಲ್ಲ, ಧರ್ಮೋಪದೇಶವಲ್ಲ; ಒಬ್ಬ ಯೋಧನ ಋಣವನ್ನು ತೀರಿಸಿದ ಪತ್ರ.

ಆ ಪತ್ರದ ತಲೆಯ ಮೇಲೆ ಅಚ್ಯುತನ ಸ್ತುತಿಯಿದೆ. ಕೊನೆಯಲ್ಲಿ, ಈ ದತ್ತಿಯನ್ನು ಅಪಹರಿಸಿದವನು ಮಹಾಪಾತಕಿಯೆಂಬ ಶಾಪವಿದೆ. ಶಾಸನಗಳನ್ನು ಓದಿ ರೂಢಿಯಾದವರು ಈ ಎರಡನ್ನೂ ಬರಿಯ ಸಂಪ್ರದಾಯವೆಂದು ದಾಟಿಬಿಡುವುದುಂಟು. ಅಷ್ಟು ಬೇಗ ದಾಟಬಾರದೆಂದು ನನಗೆ ತೋರುತ್ತದೆ. ಕೊಟ್ಟ ಅರಸನು ನಾಳೆ ಸಾಯುತ್ತಾನೆ. ಅವನ ಮಗನಿಗೆ ಈ ಯೋಧನ ಮುಖಪರಿಚಯವೂ ಇರುವುದಿಲ್ಲ. ರಾಜ್ಯವೇ ಇನ್ನೊಬ್ಬರ ಕೈಗೆ ಹೋದರಂತೂ ಹೊಸ ಅಧಿಕಾರಿಯ ಕಣ್ಣಿಗೆ ಅದು ಕಂದಾಯವಿಲ್ಲದೆ ಬಿದ್ದಿರುವ ಒಳ್ಳೆಯ ಗದ್ದೆ, ಅಷ್ಟೆ. ಅರಸನೇ ತಪ್ಪಿದರೆ ಹೋಗಿ ದೂರಲು ಬೇರೆ ನ್ಯಾಯಸ್ಥಾನವೆಲ್ಲಿತ್ತು? ಉಪಕಾರ ಸ್ಮರಣೆ ಅರಸರಲ್ಲಿ ಬಹುಕಾಲ ನಿಲ್ಲುವುದಿಲ್ಲವೆಂಬುದನ್ನು ಅರಸರೇ ಬಲ್ಲವರಾಗಿದ್ದರು. ಆದ್ದರಿಂದ ಋಣದ ಪತ್ರವನ್ನು ದೇವರ ವಶಕ್ಕೆ ಕೊಟ್ಟರು.

ಬೆಂಗಳೂರಿನವರು ಈ ಮಾತಿಗೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಇಂದು ನಗರದೊಳಗೇ ಸೇರಿಹೋಗಿರುವ ಬೇಗೂರು, ಗಂಗರ ಕಾಲದಲ್ಲಿ ಬೆಂಪೂರು. 9ನೆಯ ಶತಮಾನದ ಕೊನೆಯಲ್ಲಿ ಇಲ್ಲಿನ ನಾಗತ್ತರನು ಗಂಗರ ಪರವಾಗಿ ಹೋರಾಡಿ ಮಡಿದನು. ಸುದ್ದಿ ಕೇಳಿದ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು, ಆನೆ ಕುದುರೆಗಳ ಕಾಳಗವನ್ನು ಒತ್ತೊತ್ತಾಗಿ ಕೆತ್ತಿದ ದೊಡ್ಡ ಕಲ್ಲು ಹೇಳುತ್ತದೆ. ಅದೇ ಊರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಸಿಕ್ಕಿದ ಇನ್ನೊಂದು ಕಲ್ಲು ಬೆಂಗಳೂರ ಕಾಳಗದಲ್ಲಿ ನಾಗತ್ತರನ ಕಡೆಯವರು ಸತ್ತುದನ್ನು ಹೇಳುತ್ತದೆ. ನಮ್ಮ ನಗರದ ಹೆಸರು ಶಾಸನದಲ್ಲಿ ಮೊದಲು ಕಾಣುವುದು ಹೀಗೆ, ಸತ್ತವರ ನೆನಪಿನ ನಡುವೆ.

ಆದರೆ ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿದ ಕಲ್ಲು ಮದ್ದೂರು ತಾಲ್ಲೂಕಿನ ಆತಕೂರಿನದು. ಕ್ರಿ. ಶ. 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳರ ಮೇಲೆ ಹೋದಾಗ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಮಡಿದನು. ಗಂಗ ಬೂತುಗನಿಗೆ ಆ ಗೆಲವಿನ ಕೀರ್ತಿ ಸಂದಿತು. ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳು ಬಹುಮಾನವಾಗಿ ಬಂದವು. ಬೂತುಗನ ಆಳು ಮಣಲೆರ. ಅವನ ಶೌರ್ಯಕ್ಕೆ ಅರಸನು ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದನು. ನಾಡು ಕೇಳಬಹುದಾಗಿತ್ತು, ಹೊನ್ನು ಕೇಳಬಹುದಾಗಿತ್ತು. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು!

ನಾಯಿ ಸಿಕ್ಕಿತು. ಮುಂದೆ ಕೆಳಲೆ ನಾಡಿನ ಬೆಳತೂರಿನ ಬೆಟ್ಟದ ಬಳಿ ಒಂದು ದೊಡ್ಡ ಹಂದಿಯ ಮೇಲೆ ಅದನ್ನು ಬಿಟ್ಟರು. ನಾಯಿಯೂ ಹಂದಿಯೂ ಒಂದನ್ನೊಂದು ಕಾದಿ ಎರಡೂ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಾಳಿಗೊಂದು ಕಲ್ಲು ನಿಲ್ಲಿಸಿದನು. ನಾಯಿ ಹಂದಿಗಳ ಹೋರಾಟವನ್ನು ಅದರ ಮೇಲೆ ಕೆತ್ತಿಸಿದನು. ದೊಡ್ಡ ಕೆರೆಯ ಕೆಳಗೆ ಇರ್ಕಂಡುಗ ಗದ್ದೆಯನ್ನು ಬಿಟ್ಟನು. ಅದಕ್ಕೆ ಹಾಕಿದ ಕಟ್ಟು ವಿಚಿತ್ರವಾದುದು. ಗುಡಿಯನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ. ಅದೇ ಶಾಸನದಲ್ಲಿ ಬೂತುಗನು ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಚ್ಚಾಗಿ ಕೊಟ್ಟುದೂ ಇದೆ. ಹಲ್ಮಿಡಿಯ ಮಾತೇ, ಸುಮಾರು ಐನೂರು ವರ್ಷಗಳ ಅನಂತರ.

ನಾಯಿಗೆ ಕಲ್ಲೇ ಎಂದು ನಗಬಹುದು. ನಾನೂ ಮೊದಲು ನಕ್ಕವನೇ. ಯೋಚಿಸಿದಾಗ ನಗು ನಿಂತಿತು. ದಿನವೂ ಊಟಕ್ಕೆ ಮುನ್ನ ಆ ಕಲ್ಲಿಗೆ ನೀರು ಹಾಕಿ ಒಂದು ಹೂವಿಡಬೇಕೆಂದು ಗೊರವನನ್ನು ಕಟ್ಟಿಹಾಕಿದವನು ಮರೆವನ್ನು ಬಲ್ಲ ಮನುಷ್ಯ. ವರ್ಷಕ್ಕೊಮ್ಮೆ ಬರುವ ಹಬ್ಬವನ್ನು ಆತ ನೆಚ್ಚಲಿಲ್ಲ. ಗೊರವನ ಹಸಿವನ್ನು ನೆಚ್ಚಿದ. ಹಸಿವು ದಿನವೂ ತಪ್ಪದೆ ಬರುತ್ತದೆ.

ನಂಬಿಕೆಗೆ ಈ ಕಲ್ಲುಗಳಲ್ಲಿ ಇನ್ನೊಂದು ಕೆಲಸವೂ ಇತ್ತು. ಸಾಮಾನ್ಯ ವೀರಗಲ್ಲಿಗೆ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ, ಜೈನನಾಗಿದ್ದರೆ ಜಿನನ ಮುಂದೆ, ಕೈಮುಗಿದು ಕುಳಿತ ವೀರ, ನೆತ್ತಿಯ ಎರಡು ಬದಿ ಸೂರ್ಯ ಚಂದ್ರರು. ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಭೋಗ, ಇನ್ನು ಹೆದರಿಕೆ ಯಾತಕ್ಕೆಂಬ ಅರ್ಥದ ಸಂಸ್ಕೃತ ಶ್ಲೋಕ ಕಲ್ಲಿನಿಂದ ಕಲ್ಲಿಗೆ ಬರುತ್ತದೆ. ಇದನ್ನು ಓದುವಾಗ ಒಂದು ಸಂದೇಹ ಬಾಧಿಸದಿರದು. ಇದು ಸತ್ತವನಿಗೆ ಹೇಳಿದ ಕೃತಜ್ಞತೆಯೋ, ಮುಂದೆ ಸಾಯಬೇಕಾದವನಿಗೆ ತೋರಿಸಿದ ಆಸೆಯೋ? ಅಪ್ಸರೆಯರಿಗೆ ಬೊಕ್ಕಸದಿಂದ ಏನೂ ಖರ್ಚಾಗುವುದಿಲ್ಲ. ಸತ್ತವನ ಹೆಂಡತಿ ಮಕ್ಕಳಿಗೆ ಸಿಕ್ಕುತ್ತಿದ್ದ ನೆತ್ತರುಗೊಡಗೆಯ ಹೊಲ ಹಾಗಲ್ಲ. ಅದು ಅರಸನೋ ಊರವರೋ ತಮ್ಮ ಕೈಯಿಂದ ಬಿಟ್ಟುಕೊಡಬೇಕಾದದ್ದು. ಸ್ವರ್ಗದ ಜೊತೆಗೆ ಹೊಲವೂ ಇದ್ದ ಕಲ್ಲನ್ನು ಕಂಡಾಗ ನನಗೆ ಸಮಾಧಾನವಾಗುತ್ತದೆ. ಸ್ವರ್ಗ ಮಾತ್ರ ಇದ್ದಲ್ಲಿ ಅಷ್ಟಾಗುವುದಿಲ್ಲ.

ಋಣ ಒಂದೇ ಕಡೆಯದೂ ಆಗಿರಲಿಲ್ಲ. ಉಂಡ ಜೋಳಕ್ಕೆ ಪ್ರತಿಯಾಗಿ ಪ್ರಾಣ ಕೊಡುವ ಜೋಳವಾಳಿ, ಒಡೆಯನೊಡನೆ ಸಾಯುವ ವೇಳೆವಾಳಿ ಎಂಬ ಮಾತುಗಳು ಯೋಧನ ಕಡೆಯ ಲೆಕ್ಕವನ್ನು ಹೇಳುತ್ತವೆ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಬಳಿಯ ಗರುಡಗಂಬ ಆ ಲೆಕ್ಕದ ಭಯಂಕರವಾದ ಕೊನೆ. ಎರಡನೆಯ ಬಲ್ಲಾಳನು ತೀರಿಕೊಂಡಾಗ ಕುವರ ಲಕ್ಷ್ಮನು ಹೆಂಡತಿ ಸುಗ್ಗಲದೇವಿಯೊಡನೆ, ಸಾವಿರ ಮಂದಿ ವೀರರೊಡನೆ ಪ್ರಾಣ ಬಿಟ್ಟುದನ್ನು ಅಲ್ಲಿ ಬರೆದಿದ್ದಾರೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವವರ ಚಿತ್ರಗಳನ್ನು ಕೆತ್ತಿದ್ದಾರೆ. ಮಾರ್ಗದರ್ಶಿಗಳು ಅದನ್ನು ಸ್ವಾಮಿಭಕ್ತಿಯೆಂದು ವಿವರಿಸುತ್ತಾರೆ. ಆ ಸಾವಿರ ಮಂದಿಯ ಮನೆಗಳಲ್ಲಿ ಮರುದಿನ ಒಲೆ ಹಚ್ಚಿದವರಾರು ಎಂಬುದು ಕಂಬದ ಮೇಲಿಲ್ಲ.

ಇದಕ್ಕೆ ಹೋಲಿಸಿದರೆ ಹಂಪೆಯಲ್ಲಿ 1439ರಲ್ಲಿ ಆದ ಕೆಲಸ ಎಷ್ಟು ಸೌಮ್ಯವಾದುದು! ಇಮ್ಮಡಿ ದೇವರಾಯನು ತನ್ನ ದಂಡಿಗೆ ಮುಸಲ್ಮಾನರನ್ನು ಸೇರಿಸಿಕೊಂಡನು. ಅವರು ಅನ್ಯಧರ್ಮದ ಅರಸನಿಗೆ ತಲೆಬಾಗಲು ಸಂಕೋಚಪಡಬಾರದೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿದನೆಂದು ಫೆರಿಷ್ತಾ ಬರೆದಿದ್ದಾನೆ. ಆ ಅರಸನ ಸೇವೆಯಲ್ಲಿದ್ದ ಅಹಮದ್ ಖಾನನು ಕಟ್ಟಿಸಿದ ಮಸೀದಿ ಇಂದೂ ಇದೆ. ಗುಮ್ಮಟವಿಲ್ಲದ, ಕಂಬಗಳ ಮಂಟಪದಂಥ ಕಟ್ಟಡ. ಅದರ ಶಾಸನ ಕನ್ನಡದಲ್ಲಿದೆ. ಕಟ್ಟಡವನ್ನು ಧರ್ಮಸಾಲೆಯೆಂದು ಕರೆದು, ಅದರ ಪುಣ್ಯ ದೇವರಾಯನಿಗೆ ಸಲ್ಲಲೆಂದು ಹೇಳುತ್ತದೆ. ಒಡೆಯನು ಆಳಿನ ನಂಬಿಕೆಗೆ ಎಡೆಮಾಡಿಕೊಟ್ಟನು. ಆಳು ತನ್ನ ನಂಬಿಕೆಯ ಮನೆಯಲ್ಲಿ ಒಡೆಯನಿಗೆ ಪುಣ್ಯ ಕೋರಿದನು. ಮುಂದೆ ಎಂಬತ್ತು ವರ್ಷಗಳ ಮೇಲೆ ಪಾಯೆಸ್ ಕಂಡ ಮಹಾನವಮಿಯ ಸಾಲಿನಲ್ಲಿ ತುರ್ಕಿ ಬಿಲ್ಲು ಹಿಡಿದು ನಿಂತವರು ಈ ಪರಂಪರೆಯವರು.

ವಿಜಯನಗರ ಬಿದ್ದಮೇಲೆ ಹಬ್ಬವನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣಕ್ಕೆ ತಂದುದು, ಅದು ಮೈಸೂರಿಗೆ ಬಂದುದು, ಅರಸೊತ್ತಿಗೆ ಮುಗಿದ ಮೇಲೆ ಅಂಬಾರಿಯಲ್ಲಿ ಚಾಮುಂಡೇಶ್ವರಿ ಕುಳಿತುದು ಎಲ್ಲರೂ ಬಲ್ಲ ಕಥೆ. ಪಟ್ಟದ ಕತ್ತಿಗೆ ಪೂಜೆ, ಪಾಂಡವರು ಆಯುಧ ಬಚ್ಚಿಟ್ಟ ಬನ್ನಿಗೆ ನಮಸ್ಕಾರ. ಆ ಮೈಸೂರು ಸಂಸ್ಥಾನದ ಅಶ್ವದಳವೇ, ಮೈಸೂರು ಲ್ಯಾನ್ಸರ್ಸ್, 1918ರ ಸೆಪ್ಟೆಂಬರ್ 23ರಂದು ಪ್ಯಾಲಸ್ತೀನಿನ ಹೈಫಾ ಪಟ್ಟಣದಲ್ಲಿ ಜೋಧಪುರದ ಸವಾರರ ಜೊತೆಗೂಡಿ ಮೆಷೀನ್ ಗನ್ನುಗಳ ಎದುರಿಗೆ ಭರ್ಜಿ ಹಿಡಿದು ನುಗ್ಗಿತು. ದಿಲ್ಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಬೆಂಗಳೂರಿನ ಜೆ. ಸಿ. ನಗರದಲ್ಲಿಯೂ ಈ ದಳಕ್ಕೆ ಸ್ಮಾರಕವಿದೆ. ಅಲ್ಲಿ ಯಾವ ಶಾಪವಾಕ್ಯವೂ ಇಲ್ಲ. ನಮ್ಮ ಕಾಲದ ಋಣಪತ್ರಕ್ಕೆ ಸಾಕ್ಷಿ ಪಿಂಚಣಿಯ ಕಚೇರಿ. ಆಯುಧಪೂಜೆಯ ಸಂಜೆ ಅದರ ಮುಂದಿನ ರಸ್ತೆಯಲ್ಲಿ ಹಾರ ಹಾಕಿಕೊಂಡ ವಾಹನಗಳು ಹೋಗುತ್ತವೆ, ಬರುತ್ತವೆ.

ಹಳ್ಳಿಗಳಲ್ಲಿ ಎಷ್ಟೋ ವೀರಗಲ್ಲುಗಳಿಗೆ ಈಗಲೂ ಎಣ್ಣೆ ಕುಂಕುಮ ಸಲ್ಲುತ್ತಿದೆ. ಪೂಜಿಸುವವರಿಗೆ ಅದರ ಮೇಲಿನ ಅಕ್ಷರ ತಿಳಿಯದು. ಯಾವುದೋ ದೇವರೆಂದು ಬೇರೊಂದು ಹೆಸರಿಟ್ಟು ಕರೆಯುತ್ತಾರೆ. ಪೂಜೆ ತಪ್ಪಿದ ಕಲ್ಲು ಬಟ್ಟೆ ಒಗೆಯುವುದಕ್ಕೋ ಮೋರಿಯ ಹಾಸಿಗೋ ಹೋಗಿದೆ. ಓದು ಬಲ್ಲವರು ಬಂದು ನೋಡುವವರೆಗೆ ಕಲ್ಲನ್ನು ಉಳಿಸಿಕೊಟ್ಟವರು ಓದು ಬಾರದವರೇ.

ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯೂ ಹಂದಿಯೂ ಇನ್ನೂ ಬಿಟ್ಟುಕೊಡದೆ ಹೋರಾಡುತ್ತಿವೆ. ಎದುರಿಗೆ ಚಲ್ಲೇಶ್ವರನಿಲ್ಲ, ದೊಡ್ಡ ಕೆರೆಯ ಕೆಳಗಿನ ಗದ್ದೆಯ ಅಕ್ಕಿ ಅಲ್ಲಿಗೆ ಬರುವುದಿಲ್ಲ. ಶಾಲೆಯ ಮಕ್ಕಳು ಸಾಲಾಗಿ ಬಂದು, ನಾಯಿಯನ್ನು ಗುರುತಿಸಿ ಬೆರಳು ತೋರಿಸಿ, ಊಟದ ಹೊತ್ತಾಯಿತೆಂದು ಮೇಷ್ಟರು ಕರೆದಾಗ ಡಬ್ಬಿ ಬಿಚ್ಚಲು ಹೊರಗೆ ಓಡುತ್ತಾರೆ.